ಗೋವಿಂದ ಕಾಕಾನ ಬೆಂಟ್ಲಿ

ನಮ್ಮ ಗೋವಿಂದ ಕಾಕಾ ಸುಳ್ಳು ಹೇಳಿರಲಿಲ್ಲ. ಅವನು ಹೇಳುವುದು ಸುಳ್ಳೆಂದು ಮನೆ ತುಂಬ ಜನರ ಮುಂದೆ ಸಾಧಿಸಿ ತೋರಿಸಿದವನು ನಾನು. ಸಾಧಿಸಿದ್ದು ತಪ್ಪೆಂದು ಕೆಲವೇ ತಿಂಗಳಲ್ಲಿ ಗೊತ್ತಾಯಿತು— ಗೊತ್ತಾದ ಮೇಲೂ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಮೊದಲನೆಯದನ್ನು ತಪ್ಪು ತಿಳಿವಳಿಕೆ ಎಂದುಕೊಳ್ಳಬಹುದು. ಎರಡನೆಯದಕ್ಕೆ ಅಂಥದೊಂದು ಮೆತ್ತಗಿನ ಹೆಸರು ಹುಡುಕಿ ಸಾಕಾಗಿದೆ.

ಎಲ್ಲದರ ಮೂಲ ಒಂದು ಕಪ್ಪು-ಬಿಳುಪು ಫೋಟೋ. ಪುಣೆ ಕ್ಯಾಂಪಿನ ಒಂದು ಬಂಗಲೆಯ ಮುಂದೆ ಉದ್ದನೆಯ ಕಾರು. ಅದರ ಎಡಬಾಗಿಲಿನ ಪಕ್ಕದಲ್ಲಿ ಧೋತರ ಉಟ್ಟು, ಕರಿ ಟೊಪ್ಪಿಗೆ ಹಾಕಿ ನಿಂತ ಹರೆಯದ ಕಾಕಾ. ಬಾಗಲಕೋಟೆಯ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವನು ಆಗ ಒಬ್ಬ ಪಾರ್ಸಿ ಸೇಠರ ಡ್ರೈವರ್ ಆಗಿದ್ದನಂತೆ. ಅಂದು ಖಂಡೇಪೂಜೆ, ದಸರೆಯ ಆಯುಧಪೂಜೆ. ಸೇಠರಿಗೆ ಅದರ ಗೊಡವೆ ಇಲ್ಲದಿದ್ದರೂ ಕಾಕಾ ಬಿಡಲಿಲ್ಲ. ಕಾರಿನ ಮೂತಿಯೇ ಕಾಣದಷ್ಟು ಚೆಂಡುಹೂ ಹೇರಿದ. ಯಾವ ಕಾರೆಂದು ಹೇಳುವ ಗುರುತೆಲ್ಲ ಆ ಹೂವಿನ ಗುಡ್ಡದ ಹಿಂದೆ. ಅವನ ಭಕ್ತಿ ಸ್ವಲ್ಪ ಕಡಿಮೆ ಇದ್ದಿದ್ದರೆ ನನ್ನ ಪಾಪವೇ ಹುಟ್ಟುತ್ತಿರಲಿಲ್ಲ— ನೋಡಿ, ಆಗಲೇ ತಪ್ಪನ್ನು ಚೆಂಡುಹೂವಿನ ಮೇಲೆ ಹೊರಿಸಲು ಹೊರಟೆ.

ಸಣ್ಣವರಿದ್ದಾಗ ನಮಗೆ ಅದು ಕಾಕಾ ಹೇಳಿದಂತೆ ಸೇಠರ ವಿಲಾಯಿತಿ ಬೆಂಟ್ಲಿ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಕಾಕಾ ಕ್ಯಾಂಪಿನಿಂದ ಬಿಸ್ಕೀಟಿನ ಪೊಟ್ಟಣ ತಂದು, ನಮ್ಮನ್ನೆಲ್ಲ ತೂಗುಮಣೆಯ ಮೇಲೆ ಸಾಲಾಗಿ ಕೂಡಿಸಿ, ತಾನು ಮುಂದೆ ಸ್ಟೂಲಿನ ಮೇಲೆ ಕುಳಿತು ಕಾರು ಹೊಡೆಯುತ್ತಿದ್ದ. ನಾವು 'ಬುರ್ರ್' ಎಂದರೆ ಸಿಟ್ಟಾಗುತ್ತಿದ್ದ. "ಬೆಂಟ್ಲಿಗೆ ಸಪ್ಪಳ ಇರೂದಿಲ್ಲೋ, ಸುಮ್ಮ ಕೂಡ್ರಿ." ಹಾಗಾಗಿ ಪುಣೆಯಲ್ಲಿ ಮಕ್ಕಳು ಬಾಯಿ ಮುಚ್ಚಿಕೊಂಡು ಕಾರಿನ ಆಟ ಆಡುತ್ತಿದ್ದ ಮನೆ ನಮ್ಮದೊಂದೇ ಇರಬೇಕು. ಗೇರನ್ನು ಅವನು ಬಲಗೈಯಿಂದ ಹಾಕುತ್ತಿದ್ದ. ನಾವೂ ಹಾಗೇ ಕಲಿತೆವು. "ಗೇರು ಬಲಕ್ಕ, ಬಾಗಲದ ಕಡೆ ಇತ್ತು. ದಸರಾ ಅಂತ ಧೋತರ ಉಟ್ಟಿದ್ದೆ, ಅದು ಗೇರಿಗೆ ಸಿಕ್ಕೊಳ್ಳತಿತ್ತು. ಅದಕ್ಕ ಎಡಗಡೆಯಿಂದ ಇಳದು ಅಲ್ಲೇ ನಿಂತೆ." ಆ ತೂಗುಮಣೆಯ ಮೇಲೆ ನಾವು ಎಷ್ಟು ಊರು ಸುತ್ತಿದೆವೋ— ಮುಂದೆ ನಾನು ಕೊಂಡ ಯಾವ ಕಾರಿನಲ್ಲೂ ಅಷ್ಟು ಸುಖವಾಗಿ ಕುಳಿತದ್ದಿಲ್ಲ.

ಆಮೇಲೆ ನಾನು ದೊಡ್ಡವನಾದೆ, ಹಾಳಾದದ್ದೇ ಅಲ್ಲಿ. ವಿಮೆಯ ಸರ್ವೇಯರ್ ಆದೆ. ಅಪಘಾತವಾದ ಕಾರು ನೋಡಿ, ಮಾಲೀಕ ಹೇಳುವುದರಲ್ಲಿ ಎಷ್ಟು ನಿಜ, ಎಷ್ಟು ಮಸಾಲೆ ಎಂದು ತೂಗುವುದು ಕೆಲಸ. ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ಮೆಟ್ಟಿಲಿನಿಂದ ವಾಪಸ್ ಬರುವ ಮನುಷ್ಯನಿಗೆ ಅನುಮಾನ ಪಡಲು ಸಂಬಳವೂ ಸಿಕ್ಕರೆ ಏನಾಗಬೇಕೋ, ಅದೇ ಆಯಿತು.

ಕಾಕಾನಿಗೆ ಎಪ್ಪತ್ತೈದು ತುಂಬಿದಾಗ ಪುಣೆ ಹತ್ತಿರದ ತಳೇಗಾಂವದಲ್ಲಿ ಅವನನ್ನು ತನ್ನ ಜೊತೆಗೇ ಇಟ್ಟುಕೊಂಡಿದ್ದ ಮಗಳು ಸುಧಾ ಮನೆಯಲ್ಲಿ ಶಾಂತಿ ಮಾಡಿಸಿದಳು. ಆ ಫೋಟೋವನ್ನು ದೊಡ್ಡದಾಗಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿದ್ದಳು. ಊಟವಾಗಿ ಎಲ್ಲರೂ ಎಲೆಅಡಿಕೆ ಹಾಕುತ್ತ ಕೂತಾಗ ಅವಳ ಮಾವನವರು ಕೇಳಿದರು: "ಸರ್ವೇ ಸಾಹೇಬ್ರು ಇಲ್ಲೇ ಇದ್ದಾರಲ್ಲ. ಹೇಳ್ರಿ, ಯಾವ ಗಾಡಿ ಇದು?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಕೇಳಿದ್ದು ಬೀಗರು, ಕೇಳಿದ್ದು ಸಾಹೇಬರನ್ನು. ಎದ್ದು, ಕನ್ನಡಕ ಏರಿಸಿ, ಫೋಟೋದ ಹತ್ತಿರ ಹೋದೆ. ಹೂವಿನ ಮೇಲೆ ರೆಕ್ಕೆಯಂಥದೇನೋ ತುಸು ಇಣುಕುತ್ತಿತ್ತು, ಮಾವಿನೆಲೆ ಎಂದುಕೊಂಡೆ. ತಿರುಗಿ ಹೇಳಿದೆ: "ಬೆಂಟ್ಲಿ ಅಲ್ಲರಿ ಇದು. ಯಾವುದೋ ಹಳೇ ಬಾಡಿಗಿ ಮೋಟಾರ್. ನಮ್ಮ ದೇಶದಾಗ ಗೇರು ಬಲಕ್ಕ ಎಲ್ಲಿ ಇರ್ತದ? ಡ್ರೈವರ್ ಆದಾವ ಎಡಬಾಗಲಕ್ಕ ಯಾಕ ನಿಲ್ತಾನ?"

"ಅಂದ್ರ ನಮ್ಮ ಬೀಗರು ಕ್ಲೀನರ್ ಇದ್ದರೇನ್ರಿ?" ಎಂದರು ಮಾವನವರು. "ಇಷ್ಟು ವರ್ಷ ಬೆಂಟ್ಲಿ ಹೊಡದದ್ದು ಬರೇ ಬಾಯಿಲೇನ?"

ಮನೆಯೆಲ್ಲ ನಕ್ಕಿತು. ಕಾಕಾನೂ ನಗಲು ನೋಡಿದ. ಆಮೇಲೆ ನನಗಷ್ಟೇ ಕೇಳುವಂತೆ, "ಶೀನ್ಯಾ, ಗೇರು ಬಲಕ್ಕನ ಇತ್ತಲ್ಲೋ," ಎಂದ.

ಆಗ ನಾನು ಆಡಿದ ಮಾತು— ಬರೆಯಲು ಕೈ ಬರುತ್ತಿಲ್ಲ, ಆದರೂ— "ಆ ಕಥಿ ಸಣ್ಣ ಹುಡುಗರಿಗೆ ಹೇಳು, ಕಾಕಾ."

ಮುಂದಿನ ಸಲ ಹೋದಾಗ ಗೋಡೆಯ ಮೇಲೆ ಫೋಟೋ ಇರಲಿಲ್ಲ.

ಕೆಲವು ತಿಂಗಳ ನಂತರ ಕ್ಯಾಂಪಿನ ಒಂದು ಬಂಗಲೆಗೆ ಸರ್ವೇಗೆ ಹೋದೆ. ಮರದ ಟೊಂಗೆ ಬಿದ್ದು ಒಂದು ಹಳೆಯ ಕಾರಿನ ಮಾಡು ತಗ್ಗಾಗಿತ್ತು. ಕಾರು ಬೆಂಟ್ಲಿ. ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಸಣ್ಣದೊಂದು ಗುರುತು. ಫೋಟೋದಲ್ಲಿ ನಾನು ಮಾವಿನೆಲೆ ಎಂದುಕೊಂಡದ್ದು ಇದೇ. ಒಳಗೆ ಕುಳಿತು ಎಡಗೈಯಿಂದ ಗೇರು ತಡಕಿದೆ. ಅಲ್ಲಿ ಏನೂ ಇಲ್ಲ. ಹೊರಗೆ ನಿಂತಿದ್ದ ಮನೆಯ ಯಜಮಾನಿ ನಗುತ್ತ, "ಉಜವೀಕಡೇ ಆಹೇ, ಸಾಹೇಬ್," ಎಂದರು— ಬಲಗಡೆ ಇದೆ, ಆ ಕಾಲದ ಈ ಗಾಡಿಗಳಲ್ಲಿ ಹಾಗೇ, ಎಂದು. ನನ್ನ ಬಲಮೊಣಕಾಲು ಆಗಲೇ ಅದಕ್ಕೆ ತಾಗಿ ನೋಯುತ್ತಿತ್ತು. ಸೀಟಿಗೂ ಬಾಗಿಲಿಗೂ ನಡುವೆ, ಕಾಕಾ ಸ್ಟೂಲಿನ ಮೇಲೆ ಕುಳಿತು ಕೈ ಆಡಿಸುತ್ತಿದ್ದ ಜಾಗದಲ್ಲೇ, ಗೇರು ನಿಂತಿತ್ತು.

ಅಂದು ಸಂಜೆಯೇ ತಳೇಗಾಂವಕ್ಕೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡೆ. ಎದುರು ಹೋದಾಗ, ಬೀಗರ ಮುಂದೆ ಬೇಡ ಎಂದುಕೊಂಡೆ. ಗಣಪತಿ ಹಬ್ಬಕ್ಕೆ, ದೀಪಾವಳಿಗೆ... ಬೀಗ ಹಾಕಿದ ಬಾಗಿಲನ್ನು ಮತ್ತೆ ಮತ್ತೆ ಜಗ್ಗಿ ನೋಡುವವನು ಇದೊಂದನ್ನು ಮಾತ್ರ ಹಾಗೇ ಬಿಟ್ಟು ನಡೆದೆ. ನಿಜ ಹೇಳಬೇಕೆಂದರೆ, ಸಾಹೇಬ ತಪ್ಪಿದನೆಂದು ಯಾರೂ ನಗಬಾರದಿತ್ತು. ಇಷ್ಟೇ. ಕಾಕಾನನ್ನು ನೋಡಿ ನಕ್ಕರೆ ನಡೆಯುತ್ತಿತ್ತು.

ಕಳೆದ ತಿಂಗಳು, ಕೊನೆಗೂ, ಹೋಗಿ ಹೇಳಿದೆ. ಕಾಕಾ ಈಗ ಹೆಚ್ಚು ಹೊತ್ತು ಮಂಚದ ಮೇಲೇ ಇರುತ್ತಾನೆ. ಫೋನಿನಲ್ಲಿ ಅಂಥದೇ ಕಾರಿನ ಒಳಗಿನ ಚಿತ್ರ ತೋರಿಸಿದೆ. "ನೋಡು ಕಾಕಾ, ಗೇರು ಬಲಕ್ಕನ ಅದ. ನೀ ಹೇಳಿದ್ದ ಖರೆ. ತಪ್ಪಿದಾವ ನಾನು."

ಅವನು ಚಿತ್ರವನ್ನು ಮರ್ಯಾದೆಗೆಂಬಂತೆ ನೋಡಿ ಫೋನ್ ವಾಪಸ್ ಕೊಟ್ಟ. "ಇಲ್ಲೋ, ಎಡಕ್ಕ ಇತ್ತು. ನನಗ ಹರೇದಾಗ ಭಾಳ ಬಡಾಯಿ ಇತ್ತು. ಕನಸು ಯಾವುದೋ, ನಡದದ್ದು ಯಾವುದೋ— ನೀ ಕಲತಾವ, ಅವತ್ತ ನೀ ಹೇಳಿದ್ದ ಬರೋಬರಿ."

ನಾನು ಮತ್ತೆ ಮತ್ತೆ ಹೇಳಿದೆ. ಅವನು ನನ್ನ ಕೈ ತಟ್ಟಿ, ಒಳಗಿದ್ದ ಮಗಳಿಗೆ ಕೂಗಿ ಹೇಳಿದ: "ಸುಧಾ, ಮುದುಕನ ಮನಸ್ಸು ತಂಪಾಗಲಿ ಅಂತ ಏನೇನೋ ಹೇಳ್ಲಿಕ್ಕತ್ತಾನ ನೋಡು. ಭಾಳ ಒಳ್ಳ್ಯಾವ. ಅವಗ ಊಟಕ್ಕ ಹಾಕು."

ಅಡುಗೆಮನೆಯಲ್ಲಿ ರೊಟ್ಟಿ ಬಡಿಸುತ್ತ ಸುಧಾ ಕೇಳಿದ್ದು ಒಂದೇ ಮಾತು. "ಅಣ್ಣಾ, ನಿನಗ ಇದು ಯಾವಾಗಿಂದ ಗೊತ್ತಿತ್ತು?"

"ಆ ವರ್ಷದಿಂದನ."

ಅವಳು ಪಲ್ಯ ಬಡಿಸಿದಳು.

ಅಂದು ಆ ಪಡಸಾಲೆಯಲ್ಲಿ ನಕ್ಕವರಿಗೆಲ್ಲ ತಿಳಿಯಲೆಂದು ಇದನ್ನು ಬರೆದಿದ್ದೇನೆ. ನಗಿಸಿದವನು ನಾನು, ನಿಮ್ಮದೇನೂ ತಪ್ಪಿಲ್ಲ. ತಳೇಗಾಂವಕ್ಕೆ ಹೋದಾಗ ದಯವಿಟ್ಟು ಕಾಕಾನ ಹತ್ತಿರ ಕುಳಿತು ಆ ಕಾರಿನ ವಿಷಯ ಕೇಳಿ. ನೆನಪಿಲ್ಲ ಎನ್ನುತ್ತಾನೆ, ಮತ್ತೆ ಕೇಳಿ. ನಾನು ಈಗ ಪ್ರತಿ ಭಾನುವಾರ ಹೋಗಿ ಕೇಳುತ್ತಿದ್ದೇನೆ. ನಿನ್ನೆಯೂ ಕೇಳಿದೆ.

ಎಡಕ್ಕೇ ಇತ್ತು ಎಂದ.