ಒಲೆಯ ಮೇಲಿಟ್ಟ ಹುಳ

ಆಗೆಲ್ಲ ನಮ್ಮ ಕಡೆ ಸೆಲ್ಲು ಮುಗಿಯಿತು ಅಂದರೆ ಎಸೆಯುವುದು ಅಂತ ಅರ್ಥವಲ್ಲ. ಟಾರ್ಚಿನದೋ ರೇಡಿಯೋದ್ದೋ ಸೆಲ್ಲನ್ನು ಹೊರತೆಗೆದು ಜಗಲಿಯ ಬಿಸಿಲಿಗಿಟ್ಟರೆ ಇನ್ನೆರಡು ದಿನ ನಡೆಯುತ್ತಿತ್ತು. ಬಿಸಿಲಿಲ್ಲದಿದ್ದರೆ ಒಲೆಯ ಪಕ್ಕ. ಕಾವು ಕೊಟ್ಟರೆ ಯಾವುದಕ್ಕೂ ಜೀವ ಬರುತ್ತದೆ ಎಂದು ಗಟ್ಟಿಯಾಗಿ ನಂಬಿದ್ದ ಮನೆ ನಮ್ಮದು. ನಾನು ಕೆಟ್ಟದ್ದೂ ಆ ನಂಬಿಕೆಯಿಂದಲೇ.

ನನಗೆ ಹನ್ನೊಂದು ವರ್ಷ. ಜಾವಳಿಯ ಹತ್ತಿರ ನಮಗೆ ನಾಲ್ಕೆಕರೆ ಅರೇಬಿಕಾ ಕಾಫಿ ತೋಟ. ಆ ವರ್ಷ ದುಬೈನಿಂದ ಬಂದ ಮಾವ ಅಂಗೈಯಗಲದ ಒಂದು ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಅದರ ಬೆನ್ನಿಗೆ ಸಿಕ್ಕಿಸುವ ಕ್ಯಾಸೆಟ್ಟಿನಲ್ಲಿ ಒಂದೇ ಆಟ. ಕಾಡು ಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ನನ್ನ ಹತ್ತಿರ ಬೆಂಕಿಯುಗುಳುವ ಹಲ್ಲಿಯೊಂದಿತ್ತು. ನನ್ನಷ್ಟೇ ಸಿಡುಕು ಅದಕ್ಕೆ, ನನ್ನಷ್ಟೇ ಬೇಗ ಸೋಲು.

ಮಳೆ ಹಿಂದೆ ಸರಿದು ಬೋರರ್ ನೋಡುವ ಕಾಲ ಬಂದಿತ್ತು. ಬೋರರ್ ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಹುಳ. ಹೊರಗಿನಿಂದ ಕಾಣುವುದಿಲ್ಲ. ಒಂದೊಂದೇ ಗಿಡದ ಕಾಂಡವನ್ನು ಕೈಯಲ್ಲಿ ಸವರಿ, ತೊಗಟೆ ಉಬ್ಬಿ ಏಣು ಎದ್ದಿದೆಯೇ ಎಂದು ನೋಡಿ, ಎದ್ದಿದ್ದರೆ ಗಿಡ ಕಿತ್ತು ಸುಡಬೇಕು. ಅಪ್ಪನ ಬೆರಳು ಆ ಕೆಲಸಕ್ಕೆ ಹೆಸರುವಾಸಿ. ಆದರೆ ಆ ವರ್ಷ ಅವರ ಹೃದಯದ ಕವಾಟ ಹಾಳಾಗಿದೆ, ಇಳಿಜಾರು ಹತ್ತಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಮ್ಮ ಆಳುಗಳ ಜೊತೆ ತೋಟಕ್ಕೆ ಹೋಗುತ್ತಿದ್ದಳು. ಅಪ್ಪ ಜಗಲಿಯ ಮೇಲೆ ಕಂಬಳಿ ಹೊದ್ದು, ಸುಡುತ್ತಿದ್ದ ಗಿಡಗಳ ಹೊಗೆ ನೋಡುತ್ತ ಕೂರುತ್ತಿದ್ದರು. ಹಸಿ ಕಾಫಿ ಕಟ್ಟಿಗೆ ಸುಡುವ ಆ ಕಮಟು ವಾಸನೆ ಅವರ ಕಂಬಳಿಗೂ ಹತ್ತಿರುತ್ತಿತ್ತು.

ಹೊತ್ತು ಹೋಗದೆ ಒಂದು ದಿನ ನನ್ನ ಆಟಕ್ಕೆ ಇಣುಕಿದರು. ನಾನು ಹಿಡಿದು ಆಡಿಸದೆ ಬಿಟ್ಟಿದ್ದ ಹುಳಪ್ರಾಣಿಯೊಂದು ಅವರ ಕಣ್ಣಿಗೆ ಬಿತ್ತು.

"ಅದ್ಯಾಕೆ ಆ ಹುಳಾನ ಮೂಲೆಗೆ ಹಾಕಿದೀಯ?"

"ಅದು ಯಾತಕ್ಕೂ ಬರಲ್ಲ ಅಪ್ಪ. ಕಚ್ಚಿದ್ರೆ ಇರುವೆ ಕಚ್ಚಿದಷ್ಟೂ ನೋವಾಗಲ್ಲ."

"ಹುಳ ಅಂತ ಸದರ ಮಾಡ್ಬೇಡ ಮಾರಾಯ್ತಿ. ಹುಳ ಏನ್ ಮಾಡತ್ತೆ ಅಂತ ನನ್ನನ್ನ ಕೇಳು."

ಆಟದ ಆ ಹುಳಕ್ಕೆ ಇದ್ದ ವಿದ್ಯೆ ಎರಡೇ. ಒಂದು, ಎದುರಾಳಿಯ ಮೈಯೊಳಗೆ ಹೊಕ್ಕು ಪ್ರತಿ ಸರದಿಗೂ ಒಂಚೂರು ತಿನ್ನುವುದು. ಇನ್ನೊಂದು, ಚಿಪ್ಪಿನೊಳಗೆ ಅಡಗಿ ಪೆಟ್ಟು ತಾಳಿಕೊಳ್ಳುವುದು. ನನಗೆ ಎರಡೂ ದಂಡವೆನಿಸಿತ್ತು. ಅಪ್ಪ ಎರಡನ್ನೂ ಜೋಡಿಸಿದರು. ಮೊದಲ ಸರದಿಯಲ್ಲಿ ಒಳಹೊಕ್ಕರೆ ಮುಗಿಯಿತು, ಆಮೇಲೆ ಬರೀ ಅಡಗಿ ಕೂರುವುದು. ಬೆಟ್ಟದಂಥ ಕಲ್ಲುಪ್ರಾಣಿ ಗುದ್ದಿ ಗುದ್ದಿ ತಾನೇ ಸವೆದು ಬಿದ್ದಾಗ ನಾನು ಕಿರುಚಿದ ರಭಸಕ್ಕೆ ತಿನ್ನುತ್ತಿದ್ದ ರೊಟ್ಟಿ ಅಂಗಳಕ್ಕೆ ಬಿತ್ತು.

"ಬೋರರ್ ಏನು ಗಿಡಾನ ಒಂದೇ ದಿನಕ್ಕೆ ಬೀಳಿಸತ್ತಾ?" ಎಂದು ಅಪ್ಪ ನಕ್ಕರು. ಹುಳಕ್ಕೆ ಬೋರ ಎಂದು ಹೆಸರಿಟ್ಟವರೂ ಅವರೇ. ಹಕ್ಕಿಪ್ರಾಣಿ ಎದುರಾದರೆ ಮಾತ್ರ ಕೂಡಲೇ ಹಿಂದಕ್ಕೆ ಕರೆಸುತ್ತಿದ್ದರು. ಮರಕುಟಿಗ ಬೋರರ್ ಹೆಕ್ಕುವುದನ್ನು ಎಷ್ಟು ನೋಡಿದ್ದರೋ ಏನೋ. ನನ್ನ ಹೆಬ್ಬೆರಳು ಅವಸರ ಮಾಡಿದಾಗಲೆಲ್ಲ ಪಕ್ಕದಿಂದ ಒಂದೇ ಮಾತು. "ತಡಿ ಮಾರಾಯ್ತಿ, ತಡಿ."

ಹಾಗೆ ತಡೆದು ತಡೆದು, ಹಣ್ಣು ಕೊಯ್ಲು ಶುರುವಾಗುವ ಹೊತ್ತಿಗೆ ಆಟದ ಕೊನೆಯಲ್ಲಿ ಸೋಲಿಸಬೇಕಾದ ಯಜಮಾನನ ಬಾಗಿಲಿಗೆ ಬಂದು ನಿಂತೆವು. ಮಾರನೆಯ ದಿನವೇ ಅಪ್ಪನನ್ನು ಆಪರೇಷನ್ನಿಗೆ ಮಂಗಳೂರಿಗೆ ಕರೆದೊಯ್ಯಬೇಕಾಗಿ ಬಂತು. ಜೀಪು ಹತ್ತುವ ಮುಂಚೆ ನನ್ನ ತಲೆ ಸವರಿ ಹೇಳಿದರು. "ನಾನು ಬಂದ್ಮೇಲೆ ಆಡೋಣ. ಒಬ್ಳೇ ಒಳಗೆ ಹೋಗ್ಬೇಡ."

ಅಪ್ಪ ವಾಪಸ್ಸು ಬರಲಿಲ್ಲ. ಸಾವಿರ ಗಿಡಗಳ ಒಳಗಿನ ಹುಳ ಬೆರಳಲ್ಲೇ ಕಂಡುಹಿಡಿದವರಿಗೆ ತಮ್ಮ ಎದೆಯೊಳಗೆ ಸವೆಯುತ್ತಿದ್ದದ್ದು ತಡವಾಗಿ ತಿಳಿಯಿತಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಿಲ್ಲ.

ನಾನು ಆಟ ಮುಟ್ಟಲಿಲ್ಲ. ಎಲ್ಲಿ ನಿಲ್ಲಿಸಿದ್ದೆವು ಎಂಬುದನ್ನು ಆ ಕ್ಯಾಸೆಟ್ಟೇ ನೆನಪಿಟ್ಟುಕೊಳ್ಳುತ್ತಿತ್ತು. ಅದರೊಳಗೆ ಬೋರ ಇದ್ದಾನೆ, ಬಾಗಿಲ ಮುಂದೆ ನಾವಿಬ್ಬರೂ ನಿಂತಿದ್ದೇವೆ ಅನ್ನುವುದಷ್ಟೇ ಸಾಕಾಗಿತ್ತು. ಜೂನ್ ಬಂತು. ಚಪ್ಪಲಿ, ಪುಸ್ತಕ, ಗೋಡೆಗೆ ಹಾಕಿದ ಅಪ್ಪನ ಫೋಟೋ, ಎಲ್ಲಕ್ಕೂ ಬೂಷ್ಟು. ನನಗೆ ಹೆದರಿಕೆಯಾಯಿತು. ಅಪ್ಪ ತರಕಾರಿ ಬೀಜದ ಡಬ್ಬ ಇಡುತ್ತಿದ್ದ ಬಿದಿರಿನ ಅಟ್ಟ ಒಲೆಯ ಮೇಲೆ ತೂಗುತ್ತಿತ್ತು. ಕ್ಯಾಸೆಟ್ಟನ್ನು ಹಳೆಯ ಬನಿಯನ್ನಿನ ಚೂರಿನಲ್ಲಿ ಸುತ್ತಿ, ಆ ಡಬ್ಬದಲ್ಲೇ ಹಾಕಿಟ್ಟೆ. ಇಡೀ ಮಳೆಗಾಲ ಅದು ಬೆಚ್ಚಗಿತ್ತು. ದಿನಾ ಕೈಯೆತ್ತಿ ಮುಟ್ಟಿ ನೋಡುತ್ತಿದ್ದೆ.

ಅಪ್ಪನ ವರ್ಷದ ಕಾರ್ಯ ಮುಗಿದ ಸಂಜೆ ಅಮ್ಮ, "ಇನ್ನಾದ್ರೂ ಆಡೇ. ಅವ್ರು ಬೇಡ ಅನ್ನಲ್ಲ," ಎಂದಳು. ಡಬ್ಬ ಇಳಿಸಿದೆ. ಕ್ಯಾಸೆಟ್ ಸಿಕ್ಕಿಸಿ ಗುಂಡಿ ಒತ್ತಿದೆ. ಸಂಗೀತ ಬಂತು. ಆಮೇಲೆ ಪರದೆ ನನ್ನ ಹೆಸರೇನೆಂದು ಕೇಳಿತು. ಮೊಟ್ಟಮೊದಲ ದಿನ ಕೇಳಿದ ಹಾಗೆ.

ಆರಿಸಿ ಹಚ್ಚಿದೆ. ಮತ್ತೆ ಹೆಸರು ಕೇಳಿತು. ಚಿಕ್ಕಮಗಳೂರಿನ ರೇಡಿಯೋ ರಿಪೇರಿಯವರು ಕ್ಯಾಸೆಟ್ ಬಿಚ್ಚಿ ಹೇಳಿದರು. "ಒಳಗೊಂದು ಚಿಕ್ಕ ಸೆಲ್ ಇದೆ ನೋಡಮ್ಮ, ನೆನಪೆಲ್ಲ ಅದ್ರದ್ದು. ಕಾವಿಗೆ ಸತ್ತೋಗಿದೆ. ಬಿಸಿ ಜಾಗದಲ್ಲಿ ಇಟ್ಟಿದ್ರಾ?"

ಇಟ್ಟಿದ್ದೆ. ನಾನೇ, ನನ್ನ ಕೈಯಾರೆ. ಆವತ್ತು ಬಸ್ಸಿನಲ್ಲಿ ಅತ್ತಷ್ಟು ನಾನು ಅಪ್ಪನನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ.

ಈಗ ಆ ತೋಟದಲ್ಲಿ ಅರೇಬಿಕಾ ಇಲ್ಲ, ರೋಬಸ್ಟಾ ಕಾಫಿ ಹಾಕಿದ್ದೇವೆ. ಅದಕ್ಕೆ ಬೋರರ್ ಕಾಟ ಕಡಿಮೆ, ಕಾಂಡ ಸವರುವವರೂ ಇಲ್ಲ. ಒಲೆ ಹೋಗಿ ಗ್ಯಾಸ್ ಬಂದಿದೆ, ಅಟ್ಟ ಬಿಚ್ಚಿದ್ದೇವೆ. ಹೋದ ವರ್ಷ ಅದೇ ಆಟದ ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತು. ಮತ್ತೆ ಹುಳ ಹಿಡಿದೆ, ಬೋರ ಎಂದೇ ಹೆಸರಿಟ್ಟೆ, ತಿಂಗಳುಗಟ್ಟಲೆ ಸಾಕಿದೆ. ಈ ಸಲ ಬಾಗಿಲು ದಾಟಿ ಒಳಗೆ ಹೋದೆ. ಒಮ್ಮೆಯೂ ಅವಸರ ಮಾಡಲಿಲ್ಲ. ಯಜಮಾನನ ಕೊನೆಯ ಪ್ರಾಣಿ ಸವೆದು ಬಿತ್ತು.

"ಅಪ್ಪಾ, ನೋಡಿಲ್ಲಿ!" ಎಂದು ಪಕ್ಕಕ್ಕೆ ತಿರುಗಿದೆ.