ಎಡಭುಜದ ಹತ್ತಿ

ನನ್ನ ತಮ್ಮ ದರ್ಜಿ. ಹೆಂಗಸರ ಕೋಟು, ಜಾಕೆಟ್ಟು ಹೊಲಿಯುವುದರಲ್ಲಿ ನಮ್ಮ ಬೀದಿಯಲ್ಲಿ ಅವನನ್ನು ಮೀರಿಸುವವರಿಲ್ಲ. ಇದನ್ನು ಅಕ್ಕ ಎಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ಅಕ್ಕನಾಗಿ ಹೇಳಬೇಕೆಂದರೆ ಅವನಷ್ಟು ಮೊಂಡನನ್ನೂ ನಾನು ಕಂಡಿಲ್ಲ. ಅವನು ಕತ್ತರಿಸಿ ಹೊಲಿಯುತ್ತಾನೆ, ಕಾಜಾ, ಗುಂಡಿ, ಅಂಚು ನನ್ನ ಪಾಲು. ಗಿರಾಕಿಗಳ ಜೊತೆ ಮಾತಾಡುವ ಕೆಲಸವೂ ನನ್ನದೇ, ಏಕೆಂದರೆ ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ಬೀಗ ತೆಗೆಯುವುದು ಸುಲಭ.

ಅಂಥವನು ಅಂಚೆಯವಳ ಜೊತೆ ಮಾತ್ರ ಮಾತಾಡಿದ. ಅವಳು ನಮ್ಮ ಬೀದಿಗೆ ಸೈಕಲ್ಲಿನಲ್ಲಿ ಬಂದು ಟಪಾಲು ಹಂಚುತ್ತಿದ್ದವಳು. ಇಲಾಖೆ ಕೊಟ್ಟ ಕೋಟು ಒಂದು ಕಡೆ ಜೋತುಬೀಳುತ್ತದೆ ಎಂದು ಅಂಗಡಿಗೆ ತಂದಳು. ತಪ್ಪು ಕೋಟಿನದಲ್ಲ, ವರ್ಷಗಟ್ಟಲೆ ಚೀಲ ಹೊತ್ತು ಅವಳ ಎಡಭುಜವೇ ಇಳಿದಿತ್ತು. ತಮ್ಮ ಅಸ್ತರು ಬಿಚ್ಚಿ, ಎಡಭುಜದ ಮೆತ್ತೆಯೊಳಗೆ ಇನ್ನೊಂದು ಪದರ ಹತ್ತಿ ಕೂರಿಸಿ, ಮತ್ತೆ ಹೊಲಿದುಕೊಟ್ಟ. ಕನ್ನಡಿಯಲ್ಲಿ ಎರಡೂ ಭುಜ ಸಮನಾಗಿ ಕಂಡದ್ದಕ್ಕೆ ಅವಳು ನಕ್ಕಳು. ಇವನು ಆ ನಗುವಿಗೆ ಬಿದ್ದ. ಆಮೇಲೆ ಅವಳ ಯಾವ ಬಟ್ಟೆಯನ್ನೂ ಹತ್ತಿಯಿಲ್ಲದೆ ಬಿಡಲಿಲ್ಲ. ಅವಳ ಚೀಲಕ್ಕೆಂದೇ ಬಾಗಿಲ ಪಕ್ಕ ಒಂದು ಮೊಳೆ ಹೊಡೆದ. ಮದುವೆ ಯಾವಾಗ ಎಂದು ನಾನು ಅವಳನ್ನೇ ಕೇಳುವಷ್ಟು ಸಲಿಗೆ ಬೆಳೆದಿತ್ತು.

ಅವಳು ಬಿಟ್ಟುಹೋದ ದಿನ ನಾನು ಅಲ್ಲೇ ಕಾಜಾ ಹಾಕುತ್ತಾ ಕೂತಿದ್ದೆ. ಜಗಳವೇನೂ ಇರಲಿಲ್ಲ. ಏನೋ ಹೇಳುತ್ತಾ ಹೇಳುತ್ತಾ ಅವನು, ಎಂದಿನ ಅಭ್ಯಾಸದಂತೆ, ಅವಳ ಭುಜದ ಬಟ್ಟೆ ಎಳೆದು ಸರಿಮಾಡಲು ಕೈ ಚಾಚಿದ. ಅವಳು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಇದ್ದ ಹಾಗೆ ಬಿಡು ಅಂತ ಎಷ್ಟು ಸಲ ಹೇಳಿದೀನಿ, ನಿನ್ನ ಕೈ ಕೇಳಲ್ಲ," ಅಂದಳು. "ನಿನ್ನ ಮುಂದೆ ನಿಂತಾಗೆಲ್ಲ ನಾನು ರಿಪೇರಿಗೆ ಬಂದ ಬಟ್ಟೆ ಅನ್ಸತ್ತೆ."

ಮೊಳೆಯಿಂದ ಚೀಲ ತೆಗೆದುಕೊಂಡು ಹೋದಳು. ಬೇರೆ ಬಡಾವಣೆಗೆ ವರ್ಗ ಮಾಡಿಸಿಕೊಂಡಳೆಂದು ಆಮೇಲೆ ತಿಳಿಯಿತು. ನನಗೆ ಮೈಯೆಲ್ಲ ಉರಿಯಿತು. ಪ್ರೀತಿಯಿಂದ ಭುಜ ಸರಿಮಾಡಿದವನನ್ನು ಹೀಗೂ ಬಿಟ್ಟುಹೋಗುತ್ತಾರೆಯೇ ಎಂದು ಮನೆಯಲ್ಲಿ ಪಾತ್ರೆ ಕುಕ್ಕಿದೆ. ತಮ್ಮ ಮಾತ್ರ ಮರುದಿನ ಎಂದಿನಂತೆ ಅಂಗಡಿ ತೆಗೆದ.

ಅವಳು ಹೋದಳು, ಆದರೆ ಅಂಗಡಿಯಿಂದ ಹೋಗಲಿಲ್ಲ. ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಕೇಳಿದರೆ ಇವನ ಮಿಷನ್ನು ತಟ್ಟನೆ ನಿಲ್ಲುತ್ತಿತ್ತು. ನಾನು ಕೊಡೆಯನ್ನು ಆ ಮೊಳೆಗೆ ನೇತುಹಾಕಿದರೆ ಎದ್ದು ಬಂದು ತೆಗೆದು ಮೂಲೆಗಿಡುತ್ತಿದ್ದ. ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಬರುತ್ತೇನೆ, ಖಾಲಿ ಕನ್ನಡಿಯ ಮುಂದೆ ನಿಂತಿದ್ದಾನೆ. ಅವನ ಕೈ ಗಾಳಿಯಲ್ಲಿ, ಒಬ್ಬಳ ಭುಜದ ಎತ್ತರದಲ್ಲಿ, ಏನನ್ನೋ ಎಳೆದು ಸರಿಮಾಡುತ್ತಿತ್ತು. ಕೆಮ್ಮಿ ಒಳಗೆ ಬಂದೆ.

ಅದೇ ಹೊತ್ತಿಗೆ ಬಟ್ಟೆಗಳು ವಾಪಸು ಬರತೊಡಗಿದವು. ಎಡಗಡೆ ಏನೋ ಉಬ್ಬಿದ ಹಾಗಿದೆ ಅಂದಳು ಒಬ್ಬ ಟೀಚರು. ನೆಟ್ಟಗೆ ನಿಂತುಕೊಳ್ಳಿ, ಸರಿಹೋಗುತ್ತದೆ ಎಂದು ಗದರಿಸಿ ಕಳಿಸಿದೆ. ನನ್ನ ತಮ್ಮನ ಕೈ ತಪ್ಪುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಗ ದೊಡ್ಡ ಹೋಟೆಲೊಂದರ ಕೆಲಸ ಬಂತು. ಅಲ್ಲಿನ ಹೆಂಗಸರಿಗೆಲ್ಲ ಒಂದೇ ಬಗೆಯ ಜಾಕೆಟ್ಟು. ಹೊಲಿದು ಕೊಂಡೊಯ್ದೆವು. ಮೇಲ್ವಿಚಾರಕಿ ಎಲ್ಲರಿಗೂ ತೊಡಿಸಿ, ಅಂಗಳದಂಥ ಆ ಹಜಾರದಲ್ಲಿ ಸಾಲಾಗಿ ನಿಲ್ಲಿಸಿದಳು. ಸಾಲಿನ ಉದ್ದಕ್ಕೂ ಎಡಭುಜ ಎದ್ದು ನಿಂತಿತ್ತು. ಒಬ್ಬೊಬ್ಬಳೂ ಒಂದೇ ಭುಜ ಕುಣಿಸಿ 'ನನಗೇನು ಗೊತ್ತು' ಅನ್ನುವಂತೆ ಕಾಣುತ್ತಿದ್ದಳು. ಬೇರೆ ದಿನವಾಗಿದ್ದರೆ ನಾನೇ ಬಿದ್ದು ಬಿದ್ದು ನಗುತ್ತಿದ್ದೆ. ಪಕ್ಕದಲ್ಲಿ ತಮ್ಮನ ಮುಖ ನೋಡಿದೆ, ರಕ್ತವೇ ಇರಲಿಲ್ಲ.

"ಅಕ್ಕ, ಇಷ್ಟನ್ನೂ ಅವಳಿಗೇ ಹೊಲಿದಿದೀನಿ," ಅಂದ.

ಆ ಸಾಲಿನಲ್ಲಿ ಅವನು ಯಾರನ್ನು ನೋಡುತ್ತಿದ್ದನೆಂದು ನನಗೂ ಗೊತ್ತಾಯಿತು. ಅಲ್ಲಿದ್ದ ಪ್ರತಿಯೊಬ್ಬಳ ಬಟ್ಟೆಯೊಳಗೂ ಅಂಚೆಯವಳು ನಿಂತಿದ್ದಳು.

ನಾನು ಕೈಕಾಲು ಹಿಡಿಯುವುದೊಂದು ಬಾಕಿ, ಮೇಲ್ವಿಚಾರಕಿಯಿಂದ ವಾರದ ಗಡುವು ಪಡೆದೆ. ಹೋಟೆಲಿನ ಕೆಲಸ ಹೋದರೆ ಹೋಗಲಿ. ಕೈ ಕೆಟ್ಟಿದೆ ಎಂಬ ಮಾತು ಹುಟ್ಟಿದರೆ ದರ್ಜಿ ಮುಗಿದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಅವನ ಕೈ ಅವನಿಗೆ ವಾಪಸು ಸಿಗುತ್ತದೋ ಅವಳ ಹಿಂದೆಯೇ ಹೋಗಿಬಿಟ್ಟಿದೆಯೋ ಎಂಬ ದಿಗಿಲು ನನ್ನನ್ನು ತಿನ್ನುತ್ತಿತ್ತು.

ಅಂಗಡಿಯಲ್ಲಿ ಒಂದೊಂದೇ ಜಾಕೆಟ್ಟಿನ ಅಸ್ತರು ಬಿಚ್ಚಿದೆವು. ಪ್ರತಿ ಎಡಭುಜದಲ್ಲೂ ಒಂದು ಪದರ ಹೆಚ್ಚು ಹತ್ತಿ. ಯಾವಾಗ ಇಟ್ಟೆ ಎಂಬುದೇ ಅವನಿಗೆ ನೆನಪಿರಲಿಲ್ಲ. ತೆಗೆದು ತೆಗೆದು ಮೇಜಿನ ಮೇಲೆ ಹಾಕಿದ. ರಾಶಿ ದಿಂಬಿನಷ್ಟಾದಾಗ ಅದರ ಮೇಲೆ ಕೈಯಿಟ್ಟು ಅತ್ತ. ಅವಳು ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು. ನಾನು ತಡೆಯಲಿಲ್ಲ. ನನಗೂ ಅಳು ಬಂತು, ಸಿಟ್ಟೂ ಬಂತು.

ಒಂದು ಜಾಕೆಟ್ಟನ್ನು ಮಾತ್ರ ಅವನು ಬಿಚ್ಚಲಿಲ್ಲ. ಹೋಟೆಲಿನ ಬಟ್ಟೆ ಒಗೆಯುವ ವಿಭಾಗದ ಹೆಂಗಸೊಬ್ಬಳದು. ಸಾಲಿನ ಕೊನೆಯಲ್ಲಿ ನಿಂತಿದ್ದ ಅವಳಿಗೊಬ್ಬಳಿಗೆ ಅದು ಸರಿಯಾಗಿ ಕೂತದ್ದನ್ನು ಅವನು ಗಮನಿಸಿದ್ದ. ಹಾಗೆಂದು ಹೇಳಿಕಳಿಸಿದರೆ ಮರುದಿನ ಅವಳೇ ಅಂಗಡಿಗೆ ಬಂದಳು. ಒಳಗೆ ಕಾಲಿಟ್ಟವಳೇ, ನಾನು ಬೇಡ ಅನ್ನುವಷ್ಟರಲ್ಲಿ, ತನ್ನ ಚೀಲವನ್ನು ಆ ಮೊಳೆಗೆ ಸಿಕ್ಕಿಸಿದಳು. ತಮ್ಮ ನೋಡಿದ. ಎದ್ದು ಬಂದು ತೆಗೆಯಲಿಲ್ಲ.

ಎಲ್ಲರದ್ದೂ ತೆಗೆದ ಹಾಗೆ ತನ್ನದನ್ನೂ ತೆಗೆಯಬೇಕು ಅಂದಳು ಆಕೆ. ತೆಗೆದರೆ ಒಂದು ಕಡೆ ಜೋತುಬೀಳುತ್ತದೆ, ಈಗ ಎರಡೂ ಸಮನಾಗಿದೆ ಎಂದು ತಮ್ಮ ತಗ್ಗಿದ ದನಿಯಲ್ಲಿ ಹೇಳಿದ.

"ಜೋತುಬೀಳ್ಲಿ ಬಿಡಿ. ಹಾಸಿಗೆ ಬಟ್ಟೆ ಮೂಟೆ ಹೊತ್ತು ಹೊತ್ತು ಇಳಿದಿರೋ ಭುಜ ಇದು. ನಂಗೇನೂ ನಾಚಿಕೆ ಇಲ್ಲ," ಅಂದಳು. "ಕನ್ನಡೀಲಿ ಬೇರೆ ಯಾರೋ ನಿಂತ ಹಾಗಿರತ್ತೆ. ನನ್ನ ಪಾಡಿಗೆ ನನ್ನ ಬಿಟ್ಬಿಡಿ."

ನನ್ನ ಸೂಜಿ ಕೈಯಲ್ಲೇ ನಿಂತಿತು. ತಮ್ಮ ಕತ್ತರಿ ಕೈಗೆತ್ತಿಕೊಂಡ. ಆಮೇಲೆ ಅಸ್ತರು ಬಿಚ್ಚಿ, ಹತ್ತಿ ತೆಗೆದು, ಮತ್ತೆ ಹೊಲಿದ.

ಆಕೆ ತೊಟ್ಟು ಕನ್ನಡಿಯ ಮುಂದೆ ನಿಂತಳು. ಎಡಗಡೆ ಬಟ್ಟೆ ಇಳಿಯಿತು, ತೋಳಿನ ಮೇಲೆ ನೆರಿಗೆ ಬಿತ್ತು. ಇವನ ಕೈ ಮೇಲೆದ್ದಿತು. ಅವಳ ಭುಜಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಅವನು ಆ ಕೈಯನ್ನು ಹಿಂದಕ್ಕೆಳೆದು, ಇನ್ನೊಂದು ಕೈಯಿಂದ ಬೆನ್ನ ಹಿಂದೆ ಹಿಡಿದುಕೊಂಡ. ಚೆನ್ನಾಗಿದೆ ಅಂದ. ಆಕೆ ಚೀಲ ತೆಗೆದುಕೊಂಡು, ಹೋಗಿಬರುತ್ತೇನೆ ಎಂದು ಹೊರಟಳು.

ಬೀದಿಯ ತಿರುವಿನವರೆಗೂ ಅವನು ಆ ಇಳಿದ ಭುಜವನ್ನೇ ನೋಡುತ್ತಿದ್ದ.

"ಅವಳು ಕೇಳಿದ್ದೂ ಇಷ್ಟೇ ಅಲ್ವಾ, ಅಕ್ಕ."

ಹೌದು ಅಂದೆ. ಇಷ್ಟು ದಿನ ಅಂಚೆಯವಳ ಮೇಲೆ ಉರಿದುಕೊಂಡಿದ್ದವಳೂ ನಾನೇ. ಹೋಟೆಲಿನವರು ಜಾಕೆಟ್ಟುಗಳನ್ನು ಒಪ್ಪಿಕೊಂಡರು, ಟೀಚರೂ ಮತ್ತೆ ಬಂದಳು. ಆ ಹತ್ತಿ ಇನ್ನೂ ಮೇಜಿನ ಕೆಳಗೆ ಗಂಟಿನಲ್ಲಿದೆ. ಎಸೆಯಲು ಅವನಿಗೆ ಮನಸ್ಸಿಲ್ಲ, ನನಗೆ ಧೈರ್ಯವಿಲ್ಲ. ಇನ್ಯಾರ ಭುಜಕ್ಕೂ ಅವನು ಅದನ್ನು ಬಳಸಿಲ್ಲ.