ಲಾಳ ಕಾಣದ ಗೊರಸು

ಕೃಷ್ಣವ್ವ ನಮ್ಮ ಹೊಲಕ್ಕೆ ಬಂದರೆ ಮೊದಲು ನೆಲ ನೋಡುತ್ತಿದ್ದಳು, ಆಮೇಲೆ ನನ್ನ ಮುಖ. "ಅಣ್ಣಾರ, ಇಲ್ಲಿ ಹಸಿ ಐತ್ರಿ, ಕುದರಿ ಆ ಗರಸಿನ್ಯಾಗ ಕಟ್ತೇನಿ" ಎಂದು ತಾನೇ ತೀರ್ಮಾನಿಸಿ, ಬದುವಿನ ಪಕ್ಕದ ಗರಸು ಕಲ್ಲಿನ ಒಣ ನೆಲದಲ್ಲಿ ಗೂಟ ಬಡಿಯುತ್ತಿದ್ದಳು. ಹೊಲ ನನ್ನದು, ಹುಕುಂ ಅವಳದು.

ಸಲಗರೆಯ ಕಡೆಯವಳು, ಕುರಿ ಸಾಕುವ ಮನೆತನ. ಪ್ರತಿವರ್ಷ ಕಬ್ಬು ಕಡಿದ ಮೇಲೆ ಗಂಡ ಧೋಂಡಪ್ಪ, ಮಗ ಅಜಿತ, ನೂರಕ್ಕೂ ಮಿಕ್ಕಿದ ಕುರಿ, ಒಂದು ಕುದುರೆ ಸಮೇತ ಸಾಂಗಲಿ ಪಕ್ಕದ ನಮ್ಮ ಹರಿಪುರಕ್ಕೆ ಇಳಿಯುತ್ತಿದ್ದಳು. ಗೊಬ್ಬರಕ್ಕೆಂದು ನಾವು ರಾತ್ರಿ ಹೊಲದಲ್ಲಿ ಕುರಿ ತರುಬಿಸಿಕೊಂಡು ಜೋಳ ಅಳೆದು ಕೊಡುತ್ತಿದ್ದೆವು. ಮಳೆಗೆ ಮೊದಲು ಅವರು ಹೊರಡಲೇಬೇಕು. ನದಿ ದಂಡೆಯ ಕರಿಮಣ್ಣು ಒಮ್ಮೆ ನೆನೆಯಿತೆಂದರೆ ಕುರಿಗೂ ನಿಲ್ಲಲಾಗದು, ಕುದುರೆಗೂ ನಿಲ್ಲಲಾಗದು.

ಕುದುರೆಯೆಂದರೆ ಮದುವೆ ಮೆರವಣಿಗೆಯ ಕುದುರೆಯಲ್ಲ. ನನ್ನ ಎದೆಯೆತ್ತರದ ಕಂದು ತಟ್ಟು, ಹಣೆಯಲ್ಲಿ ಬಿಳಿ ಚುಕ್ಕೆ, ಹೆಸರು ಚಂದ್ರಿ. ಡೇರೆ, ಪಾತ್ರೆ, ನಡೆಯಲಾರದ ಮರಿಗಳು ಎಲ್ಲವೂ ಅದರ ಬೆನ್ನ ಮೇಲೆ. ಹನ್ನೊಂದು ವರ್ಷ ಊರೂರು ನಡೆದರೂ ಅದರ ಕಾಲು ಲಾಳ ಕಂಡಿರಲಿಲ್ಲ. ಸಂಜೆ ಹೊರೆ ಇಳಿಸಿದ ಕೂಡಲೇ, ತಾನು ನೀರು ಕುಡಿಯುವ ಮೊದಲೇ, ಕೃಷ್ಣವ್ವ ಅದರ ಪಕ್ಕೆಗೆ ಭುಜ ಕೊಟ್ಟು ಒಂದೊಂದೇ ಕಾಲು ಎತ್ತುತ್ತಿದ್ದಳು. ಜಾಲಿಯ ಮೊಂಡು ಕಡ್ಡಿಯಿಂದ ಸಂದಿನ ಮಣ್ಣು, ಹರಳು ತೆಗೆದು, ಗೊರಸನ್ನು ಮೂಸಿ ನೋಡುತ್ತಿದ್ದಳು. ಕೊಳೆತ ವಾಸನೆ ಬಂದರೆ ಮರುದಿನ ಪಯಣವಿಲ್ಲ. ತಿಂಗಳಿಗೊಮ್ಮೆ ಹಳೆಯ ಅರದಿಂದ ಅಂಚು ಉಜ್ಜಿ ದುಂಡಗೆ ಮಾಡುವಳು. ಗೊರಸಿನ ಅಡಿಗೆ ಮಾತ್ರ ಕಬ್ಬಿಣ ತಾಗಿಸುತ್ತಿರಲಿಲ್ಲ.

"ಲಾಳ ಹೊಡಿಸಿಬಿಡಬಾರದೇನ? ಇಷ್ಟ್ಯಾಕ ತ್ರಾಸ?" ಎಂದು ಒಮ್ಮೆ ಕೇಳಿದ್ದೆ.

"ಮೊದಲ ನಿಮ್ಮ ಪಾದಕ್ಕ ಮೊಳಿ ಹೊಡಿಸಿಕೊಂಡ ಬರ್ರಿ, ಆಮ್ಯಾಲ ಮಾತಾಡೂಣು" ಎಂದಳು. ನನ್ನ ಹೆಂಡತಿ ಮಂದಾ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕಳು.

ಹೋದ ಏಪ್ರಿಲ್‌ನಲ್ಲಿ ಧೋಂಡಪ್ಪನಿಗೆ ಸಾಂಗಲಿ ರಸ್ತೆಯಲ್ಲಿ ಮೋಟರ್‌ಸೈಕಲ್ ಬಡಿಯಿತು. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಮಿರಜದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಇನ್ನು ಕುರಿ ಹಿಂದೆ ನಡೆಯುವುದಾಗದು ಎಂದಾಗ ಧೋಂಡಪ್ಪ ಅತ್ತನಂತೆ. "ಚಂದ್ರಿ ಐತೆಲ್ಲ, ಅದರ ಮ್ಯಾಲ ಕುಂದ್ರಿ. ಇನ್ನ ಅದ ನಿಮ್ಮ ಕಾಲು" ಎಂದು ಕೃಷ್ಣವ್ವ ಸಮಾಧಾನ ಮಾಡಿದಳಂತೆ. ಅಷ್ಟು ಭರವಸೆ ಆ ನಾಲ್ಕು ಗೊರಸುಗಳ ಮೇಲೆ.

ಅಜಿತ ಕುರಿಗಳ ಹಿಂದೆ, ಅವಳು ಆಸ್ಪತ್ರೆಯಲ್ಲಿ. ಚಂದ್ರಿಯನ್ನು ನನಗೆ ಒಪ್ಪಿಸುವಾಗ, "ಒಣ ಕಣಕಿ, ನೀರು, ಇಷ್ಟ ಸಾಕ್ರಿ. ದಿನಾ ಬಾವಿತನಕ ಎರಡ ಸಲ ಅಡ್ಡ್ಯಾಡಸ್ರಿ. ಬ್ಯಾರೆ ಏನೂ ಹಾಕಬ್ಯಾಡ್ರಿ" ಎಂದಿದ್ದಳು.

ಇಲ್ಲಿ ನನ್ನ ದೊಡ್ಡಸ್ತಿಕೆ ಅಡ್ಡ ಬಂತು. ನಮ್ಮದು ಕಬ್ಬಿನ ಊರು, ಬಂದವರ ಕೈಗೆ ಬೆಲ್ಲ ಇಡದೆ ಮಾತಿಗೆ ಕೂರದ ಜನ ನಾವು. ಗಂಡ ಆಸ್ಪತ್ರೆಯಲ್ಲಿರುವ ಹೆಂಗಸಿನ ಮೂಕ ಪ್ರಾಣಿಗೆ ಬರೀ ಜೋಳದ ಒಣ ದಂಟು ಹಾಕುವುದೇ? ಕಬ್ಬಿನ ಹಸಿ ಸೋಗೆ ಹಾಕಿದೆ. ಬೆಳಗ್ಗೆ ನೆನೆಸಿದ ಗೋಧಿ, ಸಂಜೆ ಬೆಲ್ಲದ ಹೆಂಟೆ. ಚಂದ್ರಿ ನನ್ನ ಹೆಜ್ಜೆ ಸಪ್ಪಳಕ್ಕೆ ಕಿವಿ ನಿಮಿರಿಸತೊಡಗಿತು. ಅಡ್ಡಾಡಿಸಲು ಪುರುಸೊತ್ತಾಗಲಿಲ್ಲ. ವರ್ಷವೆಲ್ಲ ನಡೆದು ದಣಿದಿದೆ, ನಾಲ್ಕು ದಿನ ನಿಂತು ತಿನ್ನಲಿ ಎಂದುಕೊಂಡೆ.

ಹನ್ನೆರಡನೆಯ ದಿನ ಕೃಷ್ಣವ್ವ ಮಿರಜದಿಂದ ಬಸ್ಸಿನಲ್ಲಿ ಬಂದಳು. ಚೀಲ ಬದುವಿನ ಮೇಲಿಟ್ಟು ಕಾಲೆತ್ತಿ ನೋಡಿದಳು. ಕೊಳೆತಿಲ್ಲ, ಸೀಳಿಲ್ಲ. ಆದರೂ ಗೊರಸಿನ ಸುತ್ತ ಅಂಗೈ ಒತ್ತಿ ಹಿಡಿದು ಬಹಳ ಹೊತ್ತು ಕೂತಳು.

"ಬಿಸಿ ಐತಲ್ರಿ, ಅಣ್ಣಾರ."

"ಬಿಸಲಾಗ ನಿಂತೈತಿ, ಬಿಸಿ ಇರೂದ."

"ಏನ್ ಹಾಕೀರಿ ತಿನ್ನಾಕ?"

"ನೀ ಹೇಳಿದ್ದ. ಕಣಕಿ."

ಯಾಕಾದರೂ ಆ ಸುಳ್ಳು ಹೇಳಿದೆನೋ! ನನ್ನ ಹೊಲದಲ್ಲಿ ನಿಂತು ನನ್ನನ್ನೇ ವಿಚಾರಣೆ ಮಾಡುತ್ತಾಳಲ್ಲ ಎಂದು ಮೈ ಉರಿದಿತ್ತು. ಅವಳು ನಂಬಿದಳು. ಒದ್ದೆ ಗೋಣಿಚೀಲ ಗೊರಸಿಗೆ ಸುತ್ತಿ, ಮಂದಾಳಿಂದ ಗಂಡನಿಗೆ ರೊಟ್ಟಿ ಕಟ್ಟಿಸಿಕೊಂಡು ಮರಳಿ ಹೋದಳು. ಅಂದು ಸಂಜೆಯೂ ನಾನು ಬೆಲ್ಲ ಹಾಕಿದೆ. ನಿಲ್ಲಿಸಿದರೆ ತಪ್ಪು ಒಪ್ಪಿದಂತಾಗುತ್ತದಲ್ಲ!

ಅದಾಗಿ ಐದನೆಯ ದಿನ ಚಂದ್ರಿ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿತ್ತು. ಹಗ್ಗ ಜಗ್ಗಿದರೂ ಒಂದು ಹೆಜ್ಜೆ ಇಡಲಿಲ್ಲ. ಮೈಯೆಲ್ಲ ನಡುಕ. ಬೆಲ್ಲ ಹಿಡಿದರೆ ಮುಖ ತಿರುಗಿಸಿತು. ಅಜಿತನಿಗೆ ಫೋನ್ ಮಾಡಿದೆ, ಅವನು ಅವ್ವನನ್ನು ಕರೆಸಿದ. ಬುಧಗಾಂವದಿಂದ ದನದ ಡಾಕ್ಟರ್ ಸ್ನೇಹಲ ಬಂದರು. ಗೊರಸು ಮುಟ್ಟಿ, ಅಡಿ ನೋಡಿ, ಏನು ತಿನ್ನಿಸಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ಕೃಷ್ಣವ್ವ ನನ್ನ ಕಡೆ ನೋಡಿದಳು. ಎಲ್ಲ ಹೇಳಿಬಿಟ್ಟೆ.

ಗೋಧಿ, ಬೆಲ್ಲ ಹೊಟ್ಟೆಯಲ್ಲಿ ಕೆಟ್ಟು ಅದರ ವಿಷ ಕಾಲಿಗಿಳಿದಿದೆ ಎಂದರು ಡಾಕ್ಟರ್. ಗೊರಸಿನ ಒಳಗಿನ ಎಲುಬು ಹಿಡಿತ ತಪ್ಪಿ ಅಡಿಯನ್ನು ತೂತು ಮಾಡಿಕೊಂಡು ಹೊರಬರುತ್ತಿತ್ತು. ಐದು ದಿನ ಮೊದಲು ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು, ಈಗ ನೋವಿನಿಂದ ಶಾಶ್ವತವಾಗಿ ಬಿಡಿಸುವ ಇಂಜೆಕ್ಷನ್ ಒಂದೇ ದಾರಿ ಎಂದರು. ಐದು ದಿನವೆಂದರೆ ಯಾವ ದಿನ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕೃಷ್ಣವ್ವ ಬೈಯಲಿ ಎಂದು ಕಾದೆ. ಅಷ್ಟು ಹೊತ್ತಿಗೆ ಚಂದ್ರಿ ನೆಲಕ್ಕೊರಗಿತ್ತು. ಅವಳು ಜಾಲಿಕಡ್ಡಿ ತೆಗೆದು ನಾಲ್ಕೂ ಗೊರಸಿನ ಮಣ್ಣು ಬಿಡಿಸಿದಳು, ಮುಂಗಾಲಿನವನ್ನು ಮಾತ್ರ ಮುಟ್ಟಿಯೂ ಮುಟ್ಟದ ಹಾಗೆ. ಆಮೇಲೆ ಡಾಕ್ಟರಿಗೆ ಆಗಲಿ ಎಂದು ಕೈಮಾಡಿದಳು.

ಎಲ್ಲ ಮುಗಿದ ಮೇಲೆ ನನ್ನೆದುರು ಬಂದು ನಿಂತಳು.

"ಪ್ರೀತಿಲೆ ಹಾಕೀರಿ, ಅದು ತಿಳೀತೈತ್ರಿ ನನಗ. ಕೇಳಿದಾಗ ಯಾಕ ಹೇಳಲಿಲ್ಲ?"

ಧೋಂಡಪ್ಪನನ್ನು ಟೆಂಪೋದಲ್ಲಿ ಸಲಗರೆಗೆ ಒಯ್ದರು. ಕುರಿ ಮಾರಿ, ಈಗ ಅವಳು ಬೇರೆಯವರ ಹೊಲದಲ್ಲಿ ಕಳೆ ತೆಗೆಯುತ್ತಾಳಂತೆ. ಸಲಗರೆಗೆಂದು ಹೊರಟು ಎರಡು ಸಲ ಮಿರಜದ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹಿಂತಿರುಗಿದ್ದೇನೆ. ನಿನ್ನೆದುರು ಸಣ್ಣವನಾಗಲು ಮನಸ್ಸು ಬರಲಿಲ್ಲ ಕೃಷ್ಣವ್ವಾ, ಉತ್ತರ ಅಷ್ಟೇ. ಅದನ್ನು ಅವಳಿಗೆ ಹೇಳಲು ನನಗೆ ಈಗಲೂ ಬಾಯಿ ಬರುತ್ತಿಲ್ಲ.